ಕತ್ತಲೆ ಎಷ್ಟು ಬಗೆ

"ಅಣ್ಣಾ, ಮಾನಿಟರ್ ಸತ್ತೋಯ್ತು."

ಜನವರಿ ತಿಂಗಳ ಒಂದು ಬೆಳಿಗ್ಗೆ ರಾಜಘಟ್ಟದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿ ಹೀಗೆಂದಾಗ, "ಹೇಗೆ ಸತ್ತಿತು?" ಎಂದು ಕೇಳಿದೆ. ಅವನಿಗೆ ಸಿಟ್ಟು ಬಂತು. ಸೀರೆಯ ಸೆರಗಿನ ಡಿಸೈನ್ ಅರ್ಧಕ್ಕೆ ನಿಂತಿದೆ, ನಾಳಿದ್ದು ಕಾರ್ಡ್ ಹೊಡೆಸಲು ಕೊಡಬೇಕು, ಹಾಸು ಏರಿಸಿಕೊಂಡು ಮಗ್ಗ ಕಾಯುತ್ತಿದೆ. ಇಂಥ ಹೊತ್ತಿನಲ್ಲಿ ಸಾವಿನ ವಿವರ ಯಾರಿಗೆ ಬೇಕು? ಅಷ್ಟರಲ್ಲಾಗಲೇ ಪೇಟೆಯ ಒಂದು ಅಂಗಡಿಗೆ ಅದನ್ನು ಹೊತ್ತು ತಂದು ತೋರಿಸಿಯೂ ಆಗಿತ್ತು. ಅಲ್ಲಿ ಒಂದು ಸಾರಿ ಗುಂಡಿ ಒತ್ತಿ ನೋಡಿ, ಪ್ಯಾನೆಲ್ ಹೋಗಿದೆ, ಹೊಸದು ತಗೊಳ್ಳಿ ಎಂದು ಹೇಳಿ ಕಳಿಸಿದ್ದರು.

ನಾನು ಬಿಡಲಿಲ್ಲ. ಕೊನೆಗೆ ಒಂದೊಂದೇ ಮಾತು ಹೊರಬಿತ್ತು. ಸ್ವಿಚ್ ಹಾಕಿದರೆ ಹಸಿರು ದೀಪ ಬರುತ್ತದೆ. ಕಂಪನಿಯ ಹೆಸರು ತೆರೆಯ ಮೇಲೆ ಒಂದು ಸಾರಿ ಮಿಂಚುತ್ತದೆ, ಹೆಚ್ಚೆಂದರೆ ಎರಡು ಸೆಕೆಂಡು. ಆಮೇಲೆ ಕತ್ತಲು. "ಅದಕ್ಕೆ ಮುಂಚೆ ಏನಾದರೂ ತೊಂದರೆ ಕೊಟ್ಟಿತ್ತಾ?" "ಒಂದು ತಿಂಗಳಿಂದ ಬೆಳಿಗ್ಗೆ ಹೊತ್ತು ಮಿಣಮಿಣ ಅಂತಿತ್ತು. ಹತ್ತು ನಿಮಿಷ ಬಿಸಿ ಆದ್ಮೇಲೆ ಸರಿಹೋಗ್ತಿತ್ತು. ಮೊನ್ನೆ ರಾತ್ರಿಯೆಲ್ಲಾ ಕರೆಂಟ್ ಇರಲಿಲ್ಲ ಅಣ್ಣಾ. ಅದು ಬಂದಾಗ ಹೊಡೆತ ಬಿದ್ದು ಸುಟ್ಟೋಗೈತೆ."

ಸುಟ್ಟಿರಲಿಲ್ಲ. ಅವನು ಹೇಳಿದ್ದರಲ್ಲಿ ಕೊನೆಯ ವಾಕ್ಯ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕಣ್ಣಾರೆ ಕಂಡದ್ದು, ಕೊನೆಯದು ಮಾತ್ರ ಊಹೆ. ಕೆಟ್ಟ ಯಂತ್ರದ ಮುಂದೆ ಕೂತವರು ಮೊದಲು ಮಾಡಬೇಕಾದ ಕೆಲಸ ಇದೇ: ಕಂಡದ್ದನ್ನು ಊಹಿಸಿದ್ದರಿಂದ ಬೇರೆ ಮಾಡುವುದು. ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ್ದರಿಂದ, ಬೆಂಗಳೂರಿನಲ್ಲಿ ಕೂತೇ ನಾನು ಎಸ್.ಪಿ. ರಸ್ತೆಗೆ ಹೋಗಿ ಕೆಲವು ರೂಪಾಯಿಯ ನಾಲ್ಕು ಸಾಮಾನು ಕೊಂಡು ಜೇಬಿಗಿಟ್ಟುಕೊಂಡೆ. ದೊಡ್ಡಬಳ್ಳಾಪುರದ ಬಸ್ಸು ಹತ್ತಿದ್ದು ಆಮೇಲೆ.

ಅದು 17 ಇಂಚಿನ ಎಲ್‌ಸಿಡಿ ಮಾನಿಟರ್. ಯಾವುದೋ ಕಚೇರಿಯಲ್ಲಿ ಕೆಲವು ವರ್ಷ ದುಡಿದು, ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಮಳಿಗೆಗೆ ಬಂದು, ಅಲ್ಲಿಂದ ರಾಜಘಟ್ಟದ ಮಗ್ಗದ ಮನೆ ಸೇರಿದ್ದು. ತೆರೆ ಚೌಕಾಕಾರಕ್ಕೆ ಹತ್ತಿರವಿದ್ದುದರಿಂದ ಸೀರೆಯ ಬುಟ್ಟಾ ಬಿಡಿಸಲು ಅದೇ ಅನುಕೂಲ ಎಂದು ಅವನು ಅದನ್ನೇ ಉಳಿಸಿಕೊಂಡಿದ್ದ. ಅದರ ತೆರೆಯಲ್ಲಿ ಅಡ್ಡ 1280, ಉದ್ದ 1024 ಚುಕ್ಕಿಗಳು. ಒಂದೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಂದು ಮೂರು ಕಿಂಡಿಗಳು. ಒಟ್ಟು 39,32,160 ಕಿಂಡಿ. ಈ ಲೆಕ್ಕ ಹೇಳಿದಾಗ ಚಿಕ್ಕಪ್ಪ ಮಗ್ಗದ ಮೇಲಿನ ಜಕಾರ್ಡನ್ನು ಒಮ್ಮೆ ತಲೆಯೆತ್ತಿ ನೋಡಿದರು. ಅವರಿಗೆ ತಕ್ಷಣ ಅರ್ಥವಾಗಿತ್ತು. ಕಾರ್ಡಿನಲ್ಲಿ ತೂತಿದ್ದರೆ ಸೂಜಿ ಹಾಯುತ್ತದೆ, ಹಾಸಿನ ಎಳೆ ಮೇಲೇಳುತ್ತದೆ, ತೂತಿಲ್ಲದಿದ್ದರೆ ಇಲ್ಲ. ಫ್ರಾನ್ಸಿನ ಲಿಯಾನ್ ಊರಿನ ಜೋಸೆಫ್ ಮರೀ ಜಕಾರ್ಡ್ 1804ರಲ್ಲಿ ರೂಪಿಸಿದ ಆ ಹೂಟವೇ ಮುಂದೆ ಕಂಪ್ಯೂಟರಿನ ತೂತು ಕಾರ್ಡುಗಳಿಗೂ ದಾರಿ ತೋರಿಸಿತು. ಎಲ್‌ಸಿಡಿ ತೆರೆಯಲ್ಲೂ ನಡೆಯುವುದು ಇದೇ: ಬಿಡು, ತಡೆ. ಬಿಡುವುದೂ ತಡೆಯುವುದೂ ಎಳೆಯನ್ನಲ್ಲ, ಬೆಳಕನ್ನು.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದಿದ್ದರೆ ಹಳೆಯ ಮಾನಿಟರುಗಳ ಕಾಯಿಲೆ ಎಂದಿಗೂ ತಿಳಿಯುವುದಿಲ್ಲ. ಎಲ್‌ಸಿಡಿ ತೆರೆಗೆ ಸ್ವಂತ ಬೆಳಕಿಲ್ಲ. ಚಿತ್ರ ಬರೆಯುವುದು ಒಂದು ಭಾಗ, ಬೆಳಕು ಕೊಡುವುದು ಇನ್ನೊಂದು ಭಾಗ. ಮೂವತ್ತೊಂಬತ್ತು ಲಕ್ಷ ಕಿಂಡಿಗಳೂ ಕ್ಷೇಮವಾಗಿದ್ದು, ಹಿಂದಿನ ದೀಪ ಮಾತ್ರ ಆರಿದ್ದರೆ ನಮಗೆ ಕಾಣುವುದು ಬರಿಯ ಕಪ್ಪು. ಆ ಕಪ್ಪಿನೊಳಗೆ ಚಿತ್ರ ಮಾತ್ರ ಇದ್ದೇ ಇರುತ್ತದೆ.

ಇದ್ದರೆ ನೋಡಬಹುದಲ್ಲ? ನೋಡಬಹುದು. ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಮಾನಿಟರಿಗೆ ಕರೆಂಟ್ ಕೊಟ್ಟು, ಅದು ಮಿಂಚಿ ಕಪ್ಪಾದ ಮೇಲೆ ಟಾರ್ಚನ್ನು ತೆರೆಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಟ್ಟೆ. ಟಾರ್ಚಿನ ಬೆಳಕು ಕಿಂಡಿಗಳ ಮೂಲಕ ಒಳಗೆ ಹೋಗಿ, ಹಿಂದಿನ ಬಿಳಿಯ ಹಾಳೆಗೆ ತಾಗಿ, ಮತ್ತೆ ಅದೇ ಕಿಂಡಿಗಳಿಂದ ಹೊರಬರಬೇಕು. ಬಲು ಸ್ವಲ್ಪವೇ ಬರುತ್ತದೆ, ಆದರೆ ಬರುತ್ತದೆ. ಹುಡುಗ ತೆರೆಗೆ ಮೂಗು ತಾಗುವಷ್ಟು ಬಗ್ಗಿದ. "ಅಣ್ಣಾ, ನನ್ನ ಸೆರಗು!" ಬೂದುಬಣ್ಣದ ನೆರಳಿನ ಹಾಗೆ, ಅರ್ಧ ಮುಗಿದ ನವಿಲು, ಅದರ ಪಕ್ಕ ಮಾವಿನಕಾಯಿ ಬುಟ್ಟಾ, ಎಲ್ಲ ಅಲ್ಲೇ ಇದ್ದವು.

ಪ್ಯಾನೆಲ್ ಹೋಗಿದೆ ಎಂಬ ತೀರ್ಪು ಆ ಟಾರ್ಚಿನ ಬೆಳಕಿನಲ್ಲಿ ಸುಳ್ಳಾಯಿತು. ಹೋಗದೇ ಇರುವುದನ್ನು ಹೋಗಿದೆ ಎಂದು ಬಿಸಾಡುವುದು ನನಗೆ ತುಂಬಾ ನೋವು ಕೊಡುವ ಸಂಗತಿ. ಇಂಥ ಎಷ್ಟು ತೆರೆಗಳು ಎರಡು ನಿಮಿಷದ ಪರೀಕ್ಷೆ ಸಿಗದೆ ಗುಜರಿ ಸೇರಿವೆಯೋ.

ಮನೆಯಲ್ಲಿ ಮಾನಿಟರ್ ಕಪ್ಪಾದವರು ಈ ಟಾರ್ಚಿಗೆ ಮುಂಚೆ ನೋಡಬೇಕಾದ್ದು ಒಂದೆರಡಿದೆ, ಅದನ್ನು ಬೇಗ ಹೇಳಿಬಿಡುತ್ತೇನೆ. ಮಾನಿಟರಿನ ದೀಪವೇ ಬರದಿದ್ದರೆ ಗೋಡೆಯ ಸಾಕೆಟ್ಟಿನಿಂದ ಮಾನಿಟರಿನ ಹಿಂಭಾಗದವರೆಗೆ ವೈರಿನ ದಾರಿ ಹಿಡಿದು ಬನ್ನಿ. ಅಲ್ಲಿ ಸಿಕ್ಕಿಸುವ ಕಪ್ಪು ಪಿನ್ನು ಅರ್ಧ ಇಂಚು ಹಿಂದೆ ಜಾರಿರುವುದು ಬಹಳ ಸಾಮಾನ್ಯ. ದೀಪ ಬಂದು ಚಿತ್ರ ಬರದಿದ್ದರೆ ಕಂಪ್ಯೂಟರಿನಿಂದ ಬರುವ ಕೇಬಲ್ಲನ್ನು ಪೂರ್ತಿ ಕಳಚಿಬಿಡಿ. ಆಗ ಮಾನಿಟರು ತಾನಾಗಿಯೇ 'ನೋ ಸಿಗ್ನಲ್' ಎಂದೋ 'ಕೇಬಲ್ ನೋಡಿ' ಎಂದೋ ಬರೆದು ತೋರಿಸಿದರೆ ಅದು ಆರೋಗ್ಯವಾಗಿದೆ, ತೊಂದರೆ ಕಂಪ್ಯೂಟರಿನದು ಅಥವಾ ಕೇಬಲ್ಲಿನದು. ಹಳೆಯ ವಿಜಿಎ ಕೇಬಲ್ಲಿನಲ್ಲಿ ಮೂರು ಬಣ್ಣಕ್ಕೂ ಬೇರೆ ಬೇರೆ ತಂತಿ. ನೀಲಿಯ ತಂತಿ ಕಡಿದರೆ ಬಿಳಿಯ ಹಾಳೆ ಹಳದಿಯಾಗುತ್ತದೆ, ಹಸಿರಿನದು ಕಡಿದರೆ ನೇರಳೆಗೆ ತಿರುಗುತ್ತದೆ. ತೆರೆಯ ಕಾಮಾಲೆಗೆ ಎಷ್ಟೋ ಸಾರಿ ಸೊಟ್ಟಗಾದ ಒಂದು ಪಿನ್ನೇ ಕಾರಣ.

ನಮ್ಮದು ಇವಾವುದೂ ಅಲ್ಲ. ಎರಡು ಸೆಕೆಂಡು ಬೆಳಕು, ಆಮೇಲೆ ಕತ್ತಲು. ಈ ಎರಡು ಸೆಕೆಂಡಿನಲ್ಲೇ ಗುಟ್ಟಿದೆ.

ಇಂಥ ಹಳೆಯ ಮಾನಿಟರುಗಳಲ್ಲಿ ಹಿಂಬೆಳಕು ಕೊಡುತ್ತಿದ್ದುದು ಪೆನ್ಸಿಲಿಗಿಂತ ತೆಳ್ಳಗಿನ ಟ್ಯೂಬ್‌ಲೈಟುಗಳು, ಸಿಸಿಎಫ್‌ಎಲ್ ಎಂಬ ಹೆಸರಿನವು. ತೆರೆಯ ಮೇಲಂಚಿಗೂ ಕೆಳಂಚಿಗೂ ಮಲಗಿರುತ್ತವೆ. ಮನೆಯ ಟ್ಯೂಬ್‌ಲೈಟಿನ ಹಾಗೆಯೇ ಒಳಗೆ ಪಾದರಸದ ಆವಿ, ಗಾಜಿನ ಒಳಮೈಗೆ ಬಿಳಿಯ ಲೇಪ. ಇವು ಉರಿಯಬೇಕಾದರೆ ನೂರಾರು ವೋಲ್ಟು ಬೇಕು, ಹೊತ್ತಿಕೊಳ್ಳುವ ಗಳಿಗೆಯಲ್ಲಿ ಸಾವಿರ ದಾಟಬೇಕು. ಅದನ್ನು ಹುಟ್ಟಿಸುವ ಮಂಡಲಕ್ಕೆ ಇನ್ವರ್ಟರ್ ಎಂದು ಹೆಸರು (ಕರೆಂಟ್ ಹೋದಾಗ ಮನೆಗೆ ಬೆಳಕು ಕೊಡುವ ಇನ್ವರ್ಟರಿನ ಪುಟ್ಟ ಬಂಧು). ಸಾವಿರ ವೋಲ್ಟಿನ ಜೊತೆ ಆಟವಾಡುವಂತಿಲ್ಲವಾದ್ದರಿಂದ ಅದಕ್ಕೊಬ್ಬ ಕಾವಲುಗಾರನನ್ನು ಇಟ್ಟಿದ್ದಾರೆ. ದೀಪ ಹೊತ್ತಿಸಿದ ಮೇಲೆ ಹರಿಯುವ ವಿದ್ಯುತ್ತು ಸರಿಯಾಗಿದೆಯೇ ಎಂದು ಒಂದೆರಡು ಸೆಕೆಂಡು ನೋಡಿ, ಸರಿ ಕಾಣದಿದ್ದರೆ ಅದು ಎಲ್ಲವನ್ನೂ ಆರಿಸಿಬಿಡುತ್ತದೆ. ನಮ್ಮ ಹುಡುಗ ನೋಡಿದ್ದು ಸಾವನ್ನಲ್ಲ, ಆ ಕಾವಲುಗಾರ ಬಾಗಿಲು ಹಾಕಿಕೊಂಡದ್ದನ್ನು.

ಹಾಗಾದರೆ ಕಾವಲುಗಾರನಿಗೆ ಯಾಕೆ ಸಂಶಯ ಬಂತು? ಟ್ಯೂಬ್ ಒಡೆದಿರಬಹುದು, ಇನ್ವರ್ಟರಿನ ಟ್ರಾನ್ಸ್‌ಫಾರ್ಮರಿನ ಒಳಸುತ್ತು ಕಡಿದಿರಬಹುದು, ಇಲ್ಲವೇ ಇನ್ವರ್ಟರಿಗೆ ಬರಬೇಕಾದ ವಿದ್ಯುತ್ತೇ ಸೊರಗಿರಬಹುದು. ಮೂರರಲ್ಲಿ ಯಾವುದಾದರೂ ಹೊರಗೆ ಕಾಣುವುದು ಅದೇ ಎರಡು ಸೆಕೆಂಡಿನ ಮಿಂಚು. ಲಕ್ಷಣ ಒಂದೇ ಆಗಿದ್ದಾಗ ಚರಿತ್ರೆ ಕೇಳಬೇಕು. ಒಡೆದ ಟ್ಯೂಬು, ಕಡಿದ ಸುತ್ತು ಹತ್ತು ನಿಮಿಷ ಬಿಸಿಯಾದರೆ ಸರಿಹೋಗುವುದಿಲ್ಲ. ಚಳಿಯಲ್ಲಿ ಮುನಿಸಿಕೊಂಡು ಬಿಸಿಯಾದ ಮೇಲೆ ಗೆಲುವಾಗುವ ಗುಣ ಇರುವುದು ಕೆಪಾಸಿಟರಿಗೆ, ಅದರಲ್ಲೂ ಮುದಿಯಾದ ಕೆಪಾಸಿಟರಿಗೆ.

ಫ್ಯಾನು ನಿಧಾನವಾದಾಗ ನಾವು ಬದಲಿಸುವ 'ಕಂಡೆನ್ಸರ್' ಇದೆಯಲ್ಲ, ಅದೇ ವಂಶದ್ದು ಇದು. ಮಾನಿಟರಿನೊಳಗಿನವು ಬೆರಳತುದಿಯಷ್ಟು ಎತ್ತರದ ಅಲ್ಯೂಮಿನಿಯಂ ಡಬ್ಬಿಗಳು. ಒಳಗೆ ಎರಡು ಅಲ್ಯೂಮಿನಿಯಂ ಹಾಳೆ, ನಡುವೆ ದ್ರಾವಣದಲ್ಲಿ ನೆನೆಸಿದ ಕಾಗದ, ಮೂರನ್ನೂ ಚಾಪೆಯ ಹಾಗೆ ಸುತ್ತಿಟ್ಟಿರುತ್ತಾರೆ. ನಮ್ಮ ಮನೆಗೆ ಬರುವ 230 ವೋಲ್ಟನ್ನು ಮಾನಿಟರು ಮೊದಲು ಸುಮಾರು 325 ವೋಲ್ಟಿನ ನೇರ ವಿದ್ಯುತ್ತು ಮಾಡಿಕೊಂಡು, ಸೆಕೆಂಡಿಗೆ ಹತ್ತಾರು ಸಾವಿರ ಸಾರಿ ತುಂಡರಿಸಿ, ಸಣ್ಣ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿ, 12 ಮತ್ತು 5 ವೋಲ್ಟಾಗಿ ಒಳಗಿನವರಿಗೆಲ್ಲ ಹಂಚುತ್ತದೆ. ಹೀಗೆ ತುಂಡುತುಂಡಾಗಿ ಬಂದದ್ದನ್ನು ತುಂಬಿಕೊಂಡು ಒಂದೇ ಸಮನೆ ಬಿಡುವ ತೊಟ್ಟಿಯೇ ಕೆಪಾಸಿಟರ್. ಬಿಟ್ಟು ಬಿಟ್ಟು ಬರುವ ನಲ್ಲಿಯ ನೀರು, ಮೇಲೊಂದು ಸಿಂಟೆಕ್ಸ್ ಇದ್ದರೆ, ಕೆಳಗೆ ಒಂದೇ ಧಾರೆಯಾಗಿ ಬರುವುದಿಲ್ಲವೇ, ಹಾಗೆ.

ನೆನೆದ ಕಾಗದ ಒಣಗುವುದೇ ಇದರ ಮುಪ್ಪು. ಒಣಗಿದಷ್ಟೂ ಒಳಗಿನ ತಡೆ ಹೆಚ್ಚುತ್ತದೆ. ತಡೆ ಹೆಚ್ಚಿದಷ್ಟೂ ಅದೇ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಇನ್ನೂ ಒಣಗುತ್ತದೆ. ಉಳಿದ ದ್ರಾವಣ ಚಳಿಗೆ ಗಟ್ಟಿಯಾಗಿ ತಡೆ ಇನ್ನೂ ಏರುತ್ತದೆ, ಬೆಚ್ಚಗಾದರೆ ತುಸು ಇಳಿಯುತ್ತದೆ. ಬೆಳಗಿನ ಮಿಣಮಿಣಕ್ಕೆ ಅರ್ಥ ಇದು.

ಇದರ ಆಯಸ್ಸಿಗೆ ಎಂಜಿನಿಯರುಗಳು ಇಟ್ಟುಕೊಂಡಿರುವ ಒಂದು ಕೈಲೆಕ್ಕ ತುಂಬಾ ಉಪಯೋಗದ್ದು. ಉಷ್ಣತೆ ಪ್ರತಿ 10 ಡಿಗ್ರಿ ಏರಿದರೆ ಆಯಸ್ಸು ಅರ್ಧ, ಪ್ರತಿ 10 ಡಿಗ್ರಿ ಇಳಿದರೆ ಎರಡರಷ್ಟು. ಡಬ್ಬಿಯ ಮೈಮೇಲೆ 105 ಡಿಗ್ರಿ ಎಂದು ಬರೆದಿದ್ದು, ಆ ಬಿಸಿಯಲ್ಲಿ 2000 ಗಂಟೆ ಬಾಳುವಂಥದ್ದು ಎಂದುಕೊಳ್ಳಿ. 65 ಡಿಗ್ರಿಯಲ್ಲಿ ಇಟ್ಟರೆ ನಾಲ್ಕು ಹೆಜ್ಜೆ ಕೆಳಗೆ, ಅಂದರೆ ಹದಿನಾರು ಪಟ್ಟು, 32,000 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಸುಮಾರು ಹನ್ನೊಂದು ವರ್ಷ. ಅದೇ 75 ಡಿಗ್ರಿಯಲ್ಲಿದ್ದರೆ ಐದೂವರೆ ವರ್ಷಕ್ಕೆ ಮುಗಿಯಿತು. ನಮ್ಮ ಮಾನಿಟರ್ ಕೂತಿದ್ದು ಶೀಟಿನ ಮಾಡಿನ ಕೆಳಗೆ. ಹಿಂಭಾಗದ ಗಾಳಿಕಂಡಿಗಳ ತುಂಬಾ ಮಗ್ಗದಿಂದ ಹಾರಿದ ನೂಲಿನ ಧೂಳು ಹತ್ತಿಯ ಹಾಗೆ ಮೆತ್ತಿಕೊಂಡಿತ್ತು. ಏಪ್ರಿಲ್ ಮಧ್ಯಾಹ್ನಗಳಲ್ಲಿ ಒಳಗೆ ಎಷ್ಟು ಬಿಸಿಯಿತ್ತೋ ಆ ಡಬ್ಬಿಗಳಿಗೇ ಗೊತ್ತು.

ಈಗ ಕರೆಂಟಿನ ಮಾತಿಗೆ ಬರೋಣ. ಅವನು ರಾತ್ರಿ ಕಂಪ್ಯೂಟರ್ ಆರಿಸುತ್ತಿದ್ದ, ಗೋಡೆಯ ಸ್ವಿಚ್ ಆರಿಸುತ್ತಿರಲಿಲ್ಲ. ಮಾನಿಟರು ಹಳದಿ ದೀಪ ಹಚ್ಚಿಕೊಂಡು ರಾತ್ರಿಯಿಡೀ ಅರೆನಿದ್ದೆಯಲ್ಲಿರುತ್ತಿತ್ತು, ಒಳಗೆ ತುಸು ಬೆಚ್ಚಗೆ. ಅಷ್ಟು ಬೆಚ್ಚಗಿದ್ದುದರಿಂದಲೇ ಬೆಳಿಗ್ಗೆ ಮಿಣುಕಿ ಮಿಣುಕಿಯಾದರೂ ಎದ್ದು ಕೂರುತ್ತಿತ್ತು. ನಂದಿಬೆಟ್ಟದ ಕಡೆಯಿಂದ ಚಳಿಗಾಳಿ ಬೀಸುವ ಜನವರಿಯ ಒಂದು ರಾತ್ರಿ ಕರೆಂಟ್ ಹೋಗಿ ಬೆಳಗಿನವರೆಗೆ ಬರಲಿಲ್ಲ. ಮಾನಿಟರು ವರ್ಷಗಳಲ್ಲಿ ಮೊದಲ ಸಾರಿ ಪೂರ್ತಿ ತಣ್ಣಗಾಯಿತು. ಬೆಳಿಗ್ಗೆ ಸ್ವಿಚ್ ಹಾಕಿದಾಗ ಮುದಿ ಕೆಪಾಸಿಟರುಗಳು ದೀಪ ಹೊತ್ತಿಸಲು ಬೇಕಾದಷ್ಟನ್ನು ಒಮ್ಮೆಗೇ ಕೊಡಲಾರದೆ ಹೋದವು, ಕಾವಲುಗಾರ ಆರಿಸಿಬಿಟ್ಟ. ಮತ್ತೆ ಹಾಕಿದರೆ ಮತ್ತೆ ಅದೇ. ಬಿಸಿಯಾಗಬೇಕಾದರೆ ಉರಿಯಬೇಕು, ಉರಿಯಬೇಕಾದರೆ ಬಿಸಿಯಾಗಬೇಕು.

ಎಂದರೆ ಕರೆಂಟ್ ಬಂದಾಗ ಹೊಡೆತ ಬಿದ್ದಿರಲಿಲ್ಲ, ಹೋದಾಗ ಚಳಿ ಹಿಡಿದಿತ್ತು. ಇದ್ದಕ್ಕಿದ್ದ ಹಾಗೆ ನಿಂತಿತು ಎನ್ನುವ ಯಂತ್ರಗಳಲ್ಲಿ ಬಹಳಷ್ಟು ಇದ್ದಕ್ಕಿದ್ದ ಹಾಗೆ ನಿಂತಿರುವುದಿಲ್ಲ. ವರ್ಷಗಟ್ಟಲೆ ಒಣಗುತ್ತ ಬಂದದ್ದು ಒಂದು ರಾತ್ರಿ ಬಯಲಾಗುತ್ತದೆ, ಆ ರಾತ್ರಿ ನಡೆದ ಯಾವುದೋ ಸಂಗತಿಯ ತಲೆಗೆ ತಪ್ಪು ಕಟ್ಟುತ್ತೇವೆ. ಸಿಡಿಲು ಬಡಿದು ಸುಡುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಹಾಗೆ ಸುಟ್ಟದ್ದು ಹಸಿರು ದೀಪ ತೋರಿಸಿ ಎರಡು ಸೆಕೆಂಡು ಮುಖ ತೋರುವುದು ಅಪರೂಪ.

ರಾಜಘಟ್ಟದಲ್ಲಿ ಕೂತು ಕಾರಣದ ಬಗ್ಗೆ ಮಾತಾಡುವಾಗ ನನಗೆ ಊರಿನ ಬೂದಿಗುಂಟೆ ನೆನಪಾಗದೆ ಇರುವುದಿಲ್ಲ. ಬೂದಿಯ ದಿಬ್ಬ ಎಂದು ಜನ ಕರೆಯುತ್ತಿದ್ದ ಆ ಜಾಗವನ್ನು 2001ರಲ್ಲಿ ಅಗೆದಾಗ ಕೆಳಗೆ ಬೌದ್ಧರ ಚೈತ್ಯ ಮತ್ತು ವಿಹಾರದ ಇಟ್ಟಿಗೆಯ ತಳಪಾಯ ಸಿಕ್ಕಿತು, ಸುಮಾರು ಸಾವಿರದ ಐನೂರು ವರ್ಷ ಹಿಂದಿನದು. ಜೊತೆಗೆ ಮುಷ್ಟಿಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕ ಮಣ್ಣಿನ ಹರಕೆಯ ಸ್ತೂಪಗಳು. ಅವುಗಳ ಹೊಟ್ಟೆಯೊಳಗೆ ಮಣ್ಣಿನದೇ ಬಿಲ್ಲೆ, ಬಿಲ್ಲೆಯ ಮೇಲೆ ಬ್ರಾಹ್ಮಿ ಅಕ್ಷರದಲ್ಲಿ ಒತ್ತಿದ ಬೌದ್ಧರ ಧರ್ಮಸೂತ್ರ. ಏಷ್ಯಾದ ಉದ್ದಕ್ಕೂ ಇಂಥ ಬಿಲ್ಲೆಗಳ ಮೇಲೆ ಬರೆಯುತ್ತಿದ್ದ ಆ ಸೂತ್ರದ ತಿರುಳು ಇಷ್ಟೇ: ಕಾರಣದಿಂದ ಹುಟ್ಟಿದ ಸಂಗತಿಗಳಿಗೆ ಕಾರಣ ಯಾವುದೆಂದು ಬುದ್ಧ ಹೇಳಿದ್ದಾನೆ, ಅವು ಹೇಗೆ ನಿಲ್ಲುತ್ತವೆ ಎಂಬುದನ್ನೂ ಹೇಳಿದ್ದಾನೆ. ಅದನ್ನು ಬರೆದವರ ಚಿಂತೆ ದುಃಖದ ಬಗ್ಗೆ, ವೋಲ್ಟಿನ ಬಗ್ಗೆ ಅಲ್ಲ. ಆದರೂ ಹೊರಗೆ ಕಾಣದ ಹಾಗೆ ಹೊಟ್ಟೆಯೊಳಗೆ ಕಾರಣವನ್ನು ಬಚ್ಚಿಟ್ಟುಕೊಂಡ ಆ ಪುಟ್ಟ ಸ್ತೂಪಗಳು ಈ ಊರಿನ ಮಣ್ಣಲ್ಲೇ ಸಿಕ್ಕವು ಎನ್ನುವುದು ನನಗೆ ಬಹಳ ಇಷ್ಟದ ವಿಷಯ.

ಮಾನಿಟರಿನ ಹೊಟ್ಟೆ ತೆರೆಯುವ ಮುಂಚೆ ಒಂದು ಎಚ್ಚರಿಕೆ. ವೈರ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ ತುಂಬಿಯೇ ಇರಬಹುದು. 100 ಮೈಕ್ರೋಫ್ಯಾರಡ್‌ನದು 325 ವೋಲ್ಟಿಗೆ ತುಂಬಿದ್ದರೆ ಅದರಲ್ಲಿ ಐದು ಜೂಲಿಗೂ ಹೆಚ್ಚು ಶಕ್ತಿ. ಕೈ ಝಾಡಿಸಿ ಎಸೆಯಲು, ಎದೆಗೆ ಹಾದರೆ ಅಪಾಯ ಮಾಡಲು ಅದು ಸಾಕು. ವೈರ್ ಕಿತ್ತು ಅರ್ಧ ಗಂಟೆ ಬಿಟ್ಟು, ಆಮೇಲೂ ಮಲ್ಟಿಮೀಟರಿನಲ್ಲಿ ಅಳೆದು, ಒಂದೆರಡು ವೋಲ್ಟಿಗೆ ಇಳಿದ ಮೇಲೆಯೇ ಮುಟ್ಟಬೇಕು. ಅಳೆಯಲು ಬಾರದವರು ತೆರೆಯಬಾರದು. ಇನ್ನು ಡಬ್ಬಿಯಂಥ ಹಳೆಯ ಪಿಕ್ಚರ್ ಟ್ಯೂಬಿನ ಮಾನಿಟರುಗಳ ಮಾತೇ ಬೇರೆ: ಆ ಗಾಜಿನ ಬುರುಡೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ವೋಲ್ಟನ್ನು ಹಿಡಿದುಕೊಂಡಿರುತ್ತದೆ. ಅದನ್ನು ಬಲ್ಲವರಿಗೇ ಬಿಡಿ.

ಚಿಕ್ಕಮ್ಮ ಊಟಕ್ಕೆ ಕರೆದರು. ಅವರೆಕಾಳಿನ ಸಾರು, ಮುದ್ದೆ. ಆ ಅರ್ಧ ಗಂಟೆ ಹಾಗೆ ಕಳೆಯಿತು.

ಮೊದಲ ಮಾನಿಟರನ್ನು ಎಲ್ಲಿ ನೋಡಿದ್ದು ಎಂದು ಊಟದ ಹೊತ್ತಿನಲ್ಲಿ ಚಿಕ್ಕಪ್ಪನನ್ನು ಕೇಳಿದೆ. ತಾಲ್ಲೂಕು ಕಚೇರಿಯಲ್ಲಿ ಎಂದರು, ಪಹಣಿ ತೆಗೆಸಲು ಹೋದಾಗ. ಅದು 'ಭೂಮಿ' ಯೋಜನೆ ಬಂದ ಕಾಲ. ರಾಜ್ಯದ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಕೆಲಸ. ಆ ಕೌಂಟರುಗಳಲ್ಲಿ ನೌಕರರಿಗೊಂದು ತೆರೆ ಇದ್ದರೆ, ರೈತರ ಕಡೆಗೆ ಮುಖ ಮಾಡಿದ ಇನ್ನೊಂದು ತೆರೆಯನ್ನೂ ಇಟ್ಟಿದ್ದರು, ಒಳಗೆ ಏನು ನಡೆಯುತ್ತಿದೆ ಎಂದು ಹೊರಗೆ ನಿಂತವರಿಗೂ ಕಾಣಲಿ ಎಂದು. "ನನ್ನ ಸರ್ವೆ ನಂಬರು ನಾನೇ ಓದ್ಕೊಂಡೆ" ಎಂದರು ಚಿಕ್ಕಪ್ಪ. ಒಂದು ತೆರೆಯನ್ನು ಯಾವ ಕಡೆಗೆ ತಿರುಗಿಸಿ ಇಡುತ್ತೇವೆ ಎನ್ನುವುದು ಸಣ್ಣ ವಿಷಯವಲ್ಲ ಎಂದು ನನಗೆ ಅನ್ನಿಸಿದ್ದು ಆಗ.

ಊಟ ಮುಗಿಸಿ, ತೆರೆಯನ್ನು ಹಾಸಿಗೆಯ ಮೇಲೆ ಮಖಾಡೆ ಮಲಗಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಅಂಚಿನ ಕೊಂಡಿಗಳನ್ನು ಹಳೆಯ ಎಟಿಎಂ ಕಾರ್ಡಿನಿಂದ ಮೆಲ್ಲಗೆ ಎಬ್ಬಿಸಿದೆವು. ತಗಡಿನ ಮುಚ್ಚಳ ತೆಗೆದರೆ ವಿದ್ಯುತ್ತಿನ ಬೋರ್ಡು. ಹುಡುಗನೇ ಬೆರಳು ಮಾಡಿ ತೋರಿಸಿದ: "ಇವು ಉಬ್ಬವೆ." ಸಾಲಾಗಿದ್ದ ನಾಲ್ಕು ಡಬ್ಬಿಗಳಲ್ಲಿ ಮೂರರ ತಲೆ ಉಬ್ಬಿತ್ತು, ಒಂದರ ನೆತ್ತಿಯಿಂದ ಕಂದು ಅಂಟು ಒಸರಿ ಒಣಗಿತ್ತು. ಒಳ್ಳೆಯ ಕೆಪಾಸಿಟರಿನ ತಲೆ ಚಪ್ಪಟೆ. ಅದರ ಮೇಲೆ ಕೂಡಿಸುವ ಚಿಹ್ನೆಯಂತೆ ಗೀರು ಹಾಕಿರುವುದು ಅಲಂಕಾರಕ್ಕಲ್ಲ. ಒಳಗೆ ಅನಿಲ ತುಂಬಿ ಒತ್ತಡ ಹೆಚ್ಚಿದರೆ ಬಾಂಬಿನಂತೆ ಸಿಡಿಯದೆ ಆ ಗೀರಿನಲ್ಲೇ ಬಿರಿಯಲಿ ಎಂದು.

ಅಷ್ಟಕ್ಕೇ ತೃಪ್ತನಾಗಲು ನನಗೆ ಮನಸ್ಸಾಗಲಿಲ್ಲ, ಅಳೆದು ನೋಡಬೇಕಿತ್ತು. 12 ವೋಲ್ಟ್ ಎಂದು ಬೋರ್ಡಿನ ಮೇಲೆ ಅಚ್ಚಾಗಿದ್ದ ಜಾಗದಲ್ಲಿ ಮೀಟರಿನ ಕಡ್ಡಿಗಳನ್ನು ಸಿಕ್ಕಿಸಿ, ಕೈ ದೂರ ಇಟ್ಟು, ಸ್ವಿಚ್ ಹಾಕಿದೆವು. ದೀಪ ಹೊತ್ತುವ ಮುಂಚೆ 12. ಹೊತ್ತಿದ ಗಳಿಗೆಗೆ 9ಕ್ಕೆ ಕುಸಿಯಿತು. ದೀಪ ಆರಿತು, ಮತ್ತೆ 12. ಕೆಲಸವಿಲ್ಲದಾಗ ಸರಿಯಾಗಿದ್ದು ಹೊರೆ ಬಿದ್ದಾಗ ಕುಸಿಯುವುದು: ನಾನು ಬಸ್ಸು ಹತ್ತುವ ಮುಂಚೆ ಊಹಿಸಿದ್ದು ಇದನ್ನೇ. ಊಹೆ ಅಂಕಿಯಾಗಿ ಮೀಟರಿನಲ್ಲಿ ಕಾಣಿಸಿದಾಗ ಆಗುವ ಸಂತೋಷವನ್ನು ನಾನು ಇನ್ಯಾವುದರಲ್ಲೂ ಕಂಡಿಲ್ಲ.

ಉಬ್ಬಿದ ಕೆಪಾಸಿಟರುಗಳಿಗೆ ಒಂದು ದೊಡ್ಡ ಚರಿತ್ರೆಯೇ ಇದೆ. 1999ರಿಂದ ಕೆಲವು ವರ್ಷ ಜಗತ್ತಿನ ತುಂಬಾ ಕಂಪ್ಯೂಟರುಗಳು ಇದೇ ಕಾಯಿಲೆಯಲ್ಲಿ ಬಿದ್ದವು. ಅಗ್ಗವಾಗಲಿ ಎಂದು ದ್ರಾವಣದಲ್ಲಿ ನೀರಿನ ಪಾಲು ಹೆಚ್ಚಿಸಿದ್ದರು. ನೀರು ಅಲ್ಯೂಮಿನಿಯಮ್ಮನ್ನು ತಿನ್ನದ ಹಾಗೆ ಕಾಯುವ ರಾಸಾಯನಿಕ ಅದರಲ್ಲಿ ಸರಿಯಾಗಿರಲಿಲ್ಲ. ಎರಡೂ ಸೇರಿ ಹೈಡ್ರೋಜನ್ ಹುಟ್ಟಿ ಡಬ್ಬಿಗಳು ಉಬ್ಬಿದವು. ಕದ್ದ ಸೂತ್ರವನ್ನು ಅರ್ಧಂಬರ್ಧ ನಕಲು ಮಾಡಿದ ಫಲ ಎಂಬ ಸುದ್ದಿಯೂ ಆಗ ಹಬ್ಬಿತ್ತು. ಡೆಲ್ ಕಂಪನಿ 2005ರಲ್ಲಿ ಇಂಥ ಕಂಪ್ಯೂಟರುಗಳ ರಿಪೇರಿಗೆಂದು 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಒಂದು ಡಬ್ಬಿಯ ಬೆಲೆ ಕೆಲವೇ ರೂಪಾಯಿ.

ಹೊಸವನ್ನು ಹಾಕುವುದು ಅರ್ಧ ತಾಸಿನ ಕೆಲಸ. ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಒಂದು ಮೆಟ್ಟಿಲು ಹೆಚ್ಚು. 16 ಇದ್ದ ಕಡೆ ನಾನು 25ರದನ್ನು ತಂದಿದ್ದೆ. ಬಿಸಿ ತಡೆಯುವ 105 ಡಿಗ್ರಿಯದೇ ಬೇಕು, 85ರದು ಬೇಡ. ಡಬ್ಬಿಯ ಪಕ್ಕದಲ್ಲಿರುವ ಬಿಳಿಯ ಪಟ್ಟಿ ಮೈನಸ್ ಕಡೆ, ಅದನ್ನು ತಿರುಗಾ ಮುರುಗಾ ಹಾಕಿದರೆ ಸ್ವಿಚ್ ಹಾಕಿದ ಮೇಲೆ ಸಿಡಿಯಬಹುದು. ಉಬ್ಬದೇ ಉಳಿದಿದ್ದ ನಾಲ್ಕನೆಯದನ್ನೂ ಬದಲಿಸಿದೆವು, ಅದೂ ಅಷ್ಟೇ ವರ್ಷ ಬೆಂದದ್ದು ತಾನೆ. ಮೂರು ಬೆಸುಗೆ ನಾನು ಹಾಕಿದೆ, ನಾಲ್ಕನೆಯದನ್ನು ಹುಡುಗ ಹಾಕಿದ. ಎಳೆ ಕಡಿದ ಹಾಸನ್ನು ಕಣ್ಣು ಮುಚ್ಚಿ ಗಂಟು ಹಾಕುವ ಕೈ ಅದು, ಅವನ ಬೆಸುಗೆಯೇ ಹೆಚ್ಚು ದುಂಡಗಿತ್ತು.

ಸ್ವಿಚ್ ಹಾಕಿದೆವು. ಒಂದು ಸೆಕೆಂಡು. ಎರಡು. ಮೂರು. ಹತ್ತು. ನವಿಲು ನಿಂತೇ ಇತ್ತು.

ಹುಡುಗನ ಕೆಲಸ ಶುರುವಾದ ಮೇಲೆ ನಾನು ತೆರೆಯನ್ನು ಪಕ್ಕದಿಂದ ನೋಡುತ್ತ ಕೂತೆ. ಪಕ್ಕದಿಂದ ನೋಡಿದರೂ ಚಿತ್ರ ಅಷ್ಟೇನೂ ಕೆಟ್ಟು ಕಾಣುತ್ತಿರಲಿಲ್ಲ. ಇದಕ್ಕೆ ಕಾರಣ ಹೇಳದೆ ಈ ಅಧ್ಯಾಯ ಮುಗಿಸಲಾರೆ, ಯಾಕೆಂದರೆ ಇದರಲ್ಲಿ ನಮ್ಮ ನೆಲದ ಪಾಲಿದೆ.

ತೆರೆಯ ಕಿಂಡಿಗಳಲ್ಲಿ ತುಂಬಿರುವುದು ದ್ರವ ಸ್ಫಟಿಕ. ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಷ್ ರೈನಿಟ್ಸರ್ 1888ರಲ್ಲಿ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುವಾಗ ಅದು ಎರಡು ಸಾರಿ ಕರಗಿದ್ದನ್ನು ಕಂಡ: 145.5 ಡಿಗ್ರಿಗೆ ಮಬ್ಬು ದ್ರವ, 178.5 ಡಿಗ್ರಿಗೆ ತಿಳಿ ದ್ರವ. ಆ ಮಬ್ಬಿನ ಸ್ಥಿತಿಯೇ ದ್ರವ ಸ್ಫಟಿಕ. ದ್ರವದ ಹಾಗೆ ಹರಿಯುತ್ತದೆ, ಆದರೆ ಅಣುಗಳು ಹರಳಿನೊಳಗಿನ ಹಾಗೆ ಶಿಸ್ತಾಗಿ ಒಂದೇ ಕಡೆ ಮುಖ ಮಾಡಿರುತ್ತವೆ. ತೆರೆಯಲ್ಲಿ ಈ ಕಡ್ಡಿಯಂಥ ಅಣುಗಳು ಸುರುಳಿ ಮೆಟ್ಟಿಲಿನಂತೆ ಕಾಲು ಸುತ್ತು ತಿರುಗಿ ನಿಂತಿರುತ್ತವೆ, ಅವುಗಳ ಜೊತೆ ಬೆಳಕಿನ ಕಂಪನದ ದಿಕ್ಕೂ ತಿರುಗಿ ಮುಂದಿನ ಧ್ರುವಕ ಹಾಳೆಯನ್ನು ದಾಟುತ್ತದೆ. ಕಿಂಡಿಗೆ ವೋಲ್ಟ್ ಕೊಟ್ಟರೆ ಸುರುಳಿ ಬಿಚ್ಚಿಕೊಳ್ಳುತ್ತದೆ, ಬೆಳಕು ದಾಟಲಾರದು. ಬಿಡು, ತಡೆ.

ದ್ರವ ಸ್ಫಟಿಕ ಎಂದರೆ ಕಡ್ಡಿಯಂಥ ಅಣುಗಳೇ ಎಂದು ಸುಮಾರು ತೊಂಬತ್ತು ವರ್ಷ ವಿಜ್ಞಾನ ನಂಬಿತ್ತು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವರಾಮಕೃಷ್ಣ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರ ಜೊತೆಗೂಡಿ, ತಟ್ಟೆಯಂಥ ಅಣುಗಳೂ ಒಂದರ ಮೇಲೊಂದು ಪೇರಿಸಿಕೊಂಡು ದ್ರವ ಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಅದನ್ನು ಪ್ರಕಟಿಸಿದ್ದೂ ನಮ್ಮದೇ 'ಪ್ರಮಾಣ' ಪತ್ರಿಕೆಯಲ್ಲಿ. ಸಿ.ವಿ. ರಾಮನ್ ಅವರ ಬಂಧುವಾದ ಚಂದ್ರಶೇಖರ್ ಅದಕ್ಕೆ ಮುಂಚೆ ಹತ್ತು ವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಕಲಿಸಿದ್ದವರು. 1991ರಲ್ಲಿ ಅವರು ದ್ರವ ಸ್ಫಟಿಕಗಳಿಗೇ ಮೀಸಲಾದ ಕೇಂದ್ರವೊಂದನ್ನು ಜಾಲಹಳ್ಳಿಯಲ್ಲಿ ತೆರೆದರು. ಅದು ಈಗ ಹೆಸರು ಬದಲಿಸಿಕೊಂಡು ದಾಸನಪುರ ಹೋಬಳಿಯ ಶಿವನಪುರದಲ್ಲಿದೆ. 2004ರಲ್ಲಿ ಚಂದ್ರಶೇಖರ್ ತೀರಿಕೊಂಡರು.

ಕಡ್ಡಿ ಅಣುಗಳ ಹಳೆಯ ತೆರೆಗಳಿಗೆ ಒಂದು ಕೊರತೆ ಇತ್ತು, ಪಕ್ಕದಿಂದ ನೋಡಿದರೆ ಚಿತ್ರ ಬೆಳ್ಳಗಾಗಿ ಬಣ್ಣ ತಿರುಗಿಬಿಡುತ್ತಿತ್ತು. 1990ರ ದಶಕದ ನಡುವಿನಲ್ಲಿ ಜಪಾನಿನ ಫ್ಯೂಜಿ ಕಂಪನಿ ತಟ್ಟೆ ಅಣುಗಳನ್ನು ತೆಳುವಾಗಿ ಲೇಪಿಸಿದ ಒಂದು ಹಾಳೆ ತಂದಿತು. ಕಡ್ಡಿಗಳು ಮಾಡಿದ ತಪ್ಪನ್ನು ತಟ್ಟೆಗಳು ತಿದ್ದುತ್ತವೆ. ಆ ಹಾಳೆ ಕೋಟ್ಯಂತರ ಮಾನಿಟರುಗಳಿಗೆ ಅಂಟಿತು. ರಾಜಘಟ್ಟದ ಈ ತೆರೆಯಲ್ಲೂ ಅದೇ ಜಾತಿಯ ಹಾಳೆ ಇರುವ ಸಂಭವ ಹೆಚ್ಚು. ಇಲ್ಲಿಂದ ಸುಮಾರು 40 ಕಿಲೋಮೀಟರ್ ಆಚೆ ಕಂಡುಹಿಡಿದ ವಿಷಯ ಜಪಾನಿಗೆ ಹೋಗಿ, ಯಾವುದೋ ಕಚೇರಿಗೆ ಬಂದು, ಎಸ್.ಪಿ. ರಸ್ತೆ ಹಾದು, ಮಗ್ಗದ ಪಕ್ಕ ಕೂತು ನವಿಲು ತೋರಿಸುತ್ತಿದೆ. ಕತ್ತಲಾಯಿತೆಂದು ಇದನ್ನು ಗುಜರಿಗೆ ಹಾಕಲು ನನಗೆ ಹೇಗೆ ಮನಸ್ಸು ಬರಬೇಕು?

ಬಿಚ್ಚಿದ ನಾಲ್ಕು ಹಳೆಯ ಡಬ್ಬಿಗಳನ್ನು ಚಿಕ್ಕಮ್ಮ ಗುಡಿಸಿ ತಿಪ್ಪೆಗೆ ಹಾಕಲು ಹೊರಟಾಗ ತಡೆದು ಕಾಗದದಲ್ಲಿ ಕಟ್ಟಿಕೊಂಡೆ. ನಮ್ಮ ಜಿಲ್ಲೆಯ ದಾಬಸ್‌ಪೇಟೆಯಲ್ಲೇ 2005ರಿಂದ ಇ-ಪರಿಸರ ಎಂಬ ಸಂಸ್ಥೆ ಎಲೆಕ್ಟ್ರಾನಿಕ್ ಕಸವನ್ನು ಕ್ರಮವಾಗಿ ಬಿಚ್ಚಿ ಬೇರೆ ಮಾಡುವ ಕೆಲಸ ಮಾಡುತ್ತಿದೆ, ದೇಶದಲ್ಲಿ ಇಂಥವುಗಳ ಪೈಕಿ ಮೊದಲನೆಯದು. ಎಂದಾದರೂ ಈ ಮಾನಿಟರಿನ ಟ್ಯೂಬುಗಳೂ ಅಲ್ಲಿಗೇ ಹೋಗಬೇಕು, ಅವುಗಳೊಳಗೆ ಪಾದರಸವಿದೆ. ಒಡೆದು ಬೆಂಕಿಗೆ ಹಾಕಿದರೆ ಅದು ನಮ್ಮ ಉಸಿರಿಗೇ ಬರುತ್ತದೆ.

ಮುಚ್ಚಳ ಹಾಕುವ ಮುಂಚೆ ಹುಡುಗ ಒಳಗಿನ ತಗಡಿನ ಮೇಲೆ ಅಂದಿನ ತಾರೀಕು ಬರೆದು ಅಂಟಿಸಿದ, ಗಾಳಿಕಂಡಿಗಳ ಧೂಳನ್ನು ಬ್ರಷ್ಷಿನಿಂದ ತೆಗೆದ. ಮುಂದಿನ ಡಿಸೆಂಬರಿನಲ್ಲಿ ಮತ್ತೆ ಫೋನ್ ಬಂತು. ಈ ಸಾರಿ ಅವನು ಸತ್ತೋಯ್ತು ಎನ್ನಲಿಲ್ಲ. "ಅಣ್ಣಾ, ಬೆಳಿಗ್ಗೆ ಹಾಕ್ದಾಗ ತೆರೆ ಕೆಂಪಗೆ ಬತ್ತದೆ, ಅಂಚಲ್ಲಿ ಜಾಸ್ತಿ. ಐದು ನಿಮಿಷಕ್ಕೆ ಬೆಳ್ಳಗಾಯ್ತದೆ. ಮಿಣುಕಲ್ಲ. 12 ವೋಲ್ಟು ಅಳೆದೆ, 12ಏ ಐತೆ. ಇದು ಕೆಪಾಸಿಟರ್ ಅಲ್ಲ, ಟ್ಯೂಬು, ಅಲ್ವಾ?"

ಟ್ಯೂಬೇ. ಉರಿದು ಉರಿದು ಒಳಗಿನ ಪಾದರಸ ಕಡಿಮೆಯಾಗಿದೆ, ಚಳಿಗೆ ಉಳಿದದ್ದೂ ಬೇಗ ಆವಿಯಾಗುವುದಿಲ್ಲ, ಅಲ್ಲಿಯವರೆಗೆ ಜೊತೆಯಲ್ಲಿ ತುಂಬಿದ ನಿಯಾನ್ ತನ್ನ ಕೆಂಪು ತೋರಿಸುತ್ತದೆ. "ಇನ್ನೂ ಎಷ್ಟು ದಿನ ಬತ್ತದೆ?" ಎಂದು ಕೇಳಿದ. ಕೆಂಪು ಐದು ನಿಮಿಷದಿಂದ ಹತ್ತಾಯಿತೇ, ಹದಿನೈದಾಯಿತೇ ಎಂದು ತಗಡಿನ ಮೇಲೆ ಬರೆದಿಡು ಎಂದೆ.